ನಡೆಯುತ್ತಾ ಓದುವವರಿಗೆ

ಚಟ್ಟದ ಹಗ್ಗ ಬಿಗಿಯುತ್ತಲೇ ರಾಮಚಂದ್ರಪ್ಪ ಹೇಳಿದರು, “ಕಾಲ್ ಹತ್ರ ಇನ್ನೊಂದು ಸುತ್ತು ಹಾಕ್ಲಾ, ಜಾರ್ತೈತೆ.”

ಎದುರಿಗಿದ್ದ ಕೊಂಡಪ್ಪ ಹಾಕಿದ. ಇಬ್ಬರೂ ಬಂಗಾರಪೇಟೆಯ ಅಚ್ಚುಕೂಟದವರು. ಒಬ್ಬರು ಯಜಮಾನರು, ಇನ್ನೊಬ್ಬ ಅಚ್ಚಿನ ಮೊಳೆ ಜೋಡಿಸುವವನು. ಸತ್ತ ಬಚ್ಚಪ್ಪ ಒಂದು ಕಾಲಕ್ಕೆ ಅಲ್ಲೇ ಕೂತು ಅಂಗಡಿಯವರಿಗೆ ಹಂಚುವ ನೋಟೀಸು ಬರೆದುಕೊಡುತ್ತಿದ್ದ.

“ಕಂಬಳಿ ಅಂಗಡೀಗೆ ಬರ್ದಿದ್ದು ಗ್ಯಾಪಕ ಐತಾ ಯಜಮಾನ್ರೇ?” ಎಂದ ಕೊಂಡಪ್ಪ. “‘ಎರಡು ಚಳಿಗಾಲ ಗ್ಯಾರಂಟಿ. ಮೂರನೆಯದಕ್ಕೆ ಮತ್ತೆ ಬನ್ನಿ.’ ಅಷ್ಟೇಯ. ಜನ ಮುಗಿಬಿದ್ರು.”

“ಬರಿಯಾಕ್ ಬತ್ತಿತ್ತು. ಬದುಕಾಕ್ ಬರ್ಲಿಲ್ಲ,” ಎಂದಳು ಓಬಳಮ್ಮ, ಗಂಡನ ತಲೆಯ ಬಳಿ ಕೂತಲ್ಲಿಂದಲೇ. ಅವಳು ಬೆಳಗಿನಿಂದ ಅತ್ತಿರಲಿಲ್ಲ.

ರಾಮಚಂದ್ರಪ್ಪ ತಲೆ ತಗ್ಗಿಸಿದರು. ಬಚ್ಚಪ್ಪನನ್ನು ಕೆಲಸದಿಂದ ಬಿಡಿಸಿದವರು ಅವರೇ.

*

ಹತ್ತು ವರ್ಷದ ಹಿಂದೆ, ೧೯೫೮ರಲ್ಲಿ, ಕೆಮ್ಮಿನ ಟಾನಿಕ್ ಮಾರುವ ಅಶ್ವತ್ಥಪ್ಪ ಅಚ್ಚುಕೂಟಕ್ಕೆ ಬಂದಿದ್ದ. ಚಿನ್ನದ ಗಣಿಯವರ ಕೆಮ್ಮು ಬೇರುಸಹಿತ ಹೋಗುತ್ತದೆಂದು ಬರೆಯಬೇಕು, ಟಾನಿಕ್ಕಿನ ಗುಣಗಳನ್ನೆಲ್ಲ ಒಂದೂ ಬಿಡದೆ ಹಾಕಬೇಕು ಎಂದ.

“ಶಿಫ್ಟ್ ಬಿಟ್ಟೋರು ನಿಂತ್ಕೊಂಡು ಓದಲ್ಲಣ್ಣ, ನಡ್ಕೊಂಡ್ ಓಗ್ತಾ ಓದ್ತಾರೆ,” ಎಂದ ಬಚ್ಚಪ್ಪ. “ಅವ್ರಿಗೆ ಬೇಕಾಗಿರಾದು ಒಂದೇ. ನಿದ್ದೆ.”

ಬರೆದು ಓದಿ ತೋರಿಸಿದ: “ಕೆಮ್ಮು ನಿದ್ದೆ ಕೆಡಿಸುತ್ತಿದೆಯೆ? ಒಂದು ಚಮಚ ಕುಡಿದು ಮಲಗಿ. ಕಫದಲ್ಲಿ ರಕ್ತ ಕಂಡರೆ ಇದು ಸಾಲದು, ಆಸ್ಪತ್ರೆಗೆ ಹೋಗಿ.”

“ಮೊದಲ್ನೇದು ಚೆಂದಾಗೈತೆ. ಕೊನೇದು ತೆಗಿ. ನನ್ ದುಡ್ಡಲ್ಲಿ ಆಸ್ಪತ್ರೆಗ್ ದಾರಿ ತೋರುಸ್ತೀಯಾ?”

“ವಾಸಿಯಾಯ್ತದೆ ಅಂತ ಇದುನ್ನೇ ಕುಡ್ಕೊಂಡು ಮನೇಲ್ ಕೂತ್ರೆ?”

“ಅದು ನಿಂಗ್ಯಾಕ್ಲಾ?”

ಬಚ್ಚಪ್ಪ ತಲೆಯಾಡಿಸಿದ. ಆದರೆ ಸಾಲು ತೆಗೆಯಲಿಲ್ಲ. ಅಶ್ವತ್ಥಪ್ಪನಿಗೆ ತಿಳಿಯುವಷ್ಟರಲ್ಲಿ ಊರಿಗಾಂ, ಮೈಸೂರು ಮೈನ್ಸ್ ಎಂದು ಗಣಿಯ ಊರುಗಳಲ್ಲೆಲ್ಲ ನೋಟೀಸು ಹಂಚಿಯಾಗಿತ್ತು. ಅವನು ಪೇಟೆಯ ಅಂಗಡಿಯವರನ್ನೂ ಕಟ್ಟಿಕೊಂಡು ಬೇರೆ ಅಚ್ಚುಕೂಟಕ್ಕೆ ಹೋದ. ಬಚ್ಚಪ್ಪನ ಕೆಲಸ ಹೋಯಿತು.

ಓಬಳಮ್ಮ ಸ್ಟೇಷನ್ ಮುಂದೆ ಇಡ್ಲಿ ಮಾರತೊಡಗಿದಳು. “ಒಂದ್ ಸಾಲು ಅಳಿಸಿದ್ರೆ ಕೈ ಸವೀತಿತ್ತಾ?” ಎಂದು ಅವಳು ಕೇಳಿದಾಗಲೆಲ್ಲ ಅವನು ರುಬ್ಬುಗಲ್ಲಿಗೆ ಇನ್ನೊಂದು ಹಿಡಿ ಅಕ್ಕಿ ಹಾಕುತ್ತಿದ್ದ.

*

ಚಟ್ಟ ಎತ್ತುವ ಹೊತ್ತಿಗೆ ಅಪರಿಚಿತ ಹೆಂಗಸೊಬ್ಬಳು ಒಳಗೆ ಬಂದಳು. ಊರಿಗಾಂನ ಮುತ್ಯಾಲಮ್ಮ. ರೈಲು ಬದಲಿಸಲು ಇಳಿದವಳಿಗೆ ಸ್ಟೇಷನ್ನಿನಲ್ಲಿ, ನೋಟೀಸು ಬರೆಯುತ್ತಿದ್ದವನ ಸಾವಿನ ಸುದ್ದಿ ಸಿಕ್ಕಿತ್ತು.

“ಟಾನಿಕ್ ನೋಟೀಸು ಬರ್ದು ಕೆಲ್ಸ ಕಳ್ಕೊಂಡೋರು ಇವ್ರೇನಾ ಅಕ್ಕ? ನಮ್ ಗಣಿ ಲೈನ್ ಮನೆಗಳಲ್ಲೆಲ್ಲ ಆ ಮಾತಾಗಿತ್ತು.”

ಓಬಳಮ್ಮ ಹೂಂಗುಟ್ಟಿದಳು.

“ನಮ್ಮನೆಯೋರು ಬಾಟ್ಲಿ ತರಾಕ್ ಒಂಟೋರು, ಅದುನ್ ಓದಿ ಆಸ್ಪತ್ರೆ ಕಡೀಕ್ ತಿರುಕ್ಕೊಂಡ್ರು.”

“ವಾಸಿಯಾಯ್ತಾ?”

“ಇಲ್ಲಕ್ಕ. ಆರು ವರ್ಷ ಇದ್ರು. ಕೊನೇ ಮಗಳು ಉಟ್ಟಿದ್ದು ಆಮೇಲೆ. ಅವ್ಳಿಗೆ ಅಪ್ಪನ ಮಕ ಗೊತ್ತೈತೆ.”

ಗಂಡಸರು ಚಟ್ಟ ಹೊತ್ತು ಬೀದಿಯ ತಿರುವು ದಾಟಿದರು. ಓಬಳಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಊರಿಗಾಂ ಕಡೆಯ ರೈಲು ಕೂಗಿತು. ಮುತ್ಯಾಲಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಓಬಳಮ್ಮನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಬಾವಿಯಿಂದ ನೀರು ಸೇದಿ ಅವಳ ತಲೆಯ ಮೇಲೆ ಸುರಿದಳು. ಹಣೆಯ ಕುಂಕುಮ ಕರಗಿ ಕೆನ್ನೆಗಿಳಿಯಿತು. ಓಬಳಮ್ಮ ಕಣ್ಣು ಮುಚ್ಚಿಕೊಂಡು ಇನ್ನೊಂದು ಕೊಡಕ್ಕೆ ತಲೆ ಬಾಗಿಸಿದಳು.