ನೀಲಿ ಸೈಕಲ್ಲಿನ ಕಳ್ಳ

“ಹ್ಯಾಂಡಲ್ ತಿರುಗಿಸಿ ಅತ್ತಿಗೆ, ಹಾಗೇ ಎಳೆದರೆ ಬರಲ್ಲ,” ಎಂದ ಕ್ಷೌರದಂಗಡಿಯವನು.

ಅವಳು ಎಳೆಯುತ್ತಲೇ ಇದ್ದಳು. ನಡುಮನೆಯಿಂದ ಬಾಗಿಲವರೆಗಿನ ಇಕ್ಕಟ್ಟು ಜಾಗದಲ್ಲಿ ಗೋಡೆಗೆ ಒರಗಿಸಿದ್ದ ಎರಡು ಸೈಕಲ್ಲುಗಳು ಹೊರಗೆ ಹೋಗದೆ ಗಂಡನ ಶವಪೆಟ್ಟಿಗೆ ಹೊರಗೆ ಹೋಗುವಂತಿರಲಿಲ್ಲ. ಬೂದು ಬಣ್ಣದ್ದನ್ನು ಮಗಳು ಹೇಗೋ ದಾಟಿಸಿದ್ದಳು. ಹಸಿರು ಸೈಕಲ್ಲಿನದು ಈಗಿನ ಕಾಲದ ಅಗಲವಾದ ಹ್ಯಾಂಡಲ್. ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡು ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ.

“ಇಷ್ಟು ವರ್ಷ ನನ್ನನ್ನ ನೆಟ್ಟಗೆ ಓಡಾಡೋಕೆ ಬಿಡಲಿಲ್ಲ. ಈಗ ಅವರನ್ನೂ ಬಿಡ್ತಿಲ್ಲ ನೋಡು,” ಎಂದಳು. ಮಗಳು ನಗಲು ಹೋಗಿ ಅತ್ತಳು.

ಗಂಡ ಲಿಫ್ಟ್ ರಿಪೇರಿಯವನು. ವಾರದಲ್ಲಿ ಆರು ದಿನ ಊರಿನ ಜನರೆಲ್ಲ ಗುಂಡಿ ಒತ್ತಿ ಮೇಲೆ ಹೋಗುವಂತೆ ಮಾಡಿ, ಏಳನೆಯ ದಿನ ಬೆಳಗಾಗುವುದೇ ತಡ, ತಾನು ಸೈಕಲ್ ತುಳಿದು ಗುಡ್ಡ ಹತ್ತುತ್ತಿದ್ದ. ಜೊತೆಗೆ ಈ ಕ್ಷೌರದಂಗಡಿಯವನು. ಇಬ್ಬರದೂ ಗುಡ್ಡಕ್ಕೆಂದೇ ಮಾಡಿದ ಸೈಕಲ್ಲುಗಳು. ಆದರೆ ಗಂಡನದು ಯಾವಾಗಲೂ ಹಾರ್ಡ್‌ಟೇಲ್: ಮುಂದಿನ ಚಕ್ರಕ್ಕೆ ಸ್ಪ್ರಿಂಗ್, ಹಿಂದಿನದಕ್ಕೆ ಇಲ್ಲ. ಹಿಂದೆಯೂ ಸ್ಪ್ರಿಂಗ್ ಇದ್ದ ಸೈಕಲ್ಲನ್ನು ಗೆಳೆಯ ಕೊಂಡಾಗ ಅದಕ್ಕೆ ‘ಸೋಫಾ’ ಎಂದು ಹೆಸರಿಟ್ಟಿದ್ದ. “ಕಲ್ಲು ಯಾವುದು, ಬೇರು ಯಾವುದು ಅಂತ ಬೆನ್ನಿಗೆ ಗೊತ್ತಾಗಬೇಕು ಕಣೋ. ಸೋಫಾದಲ್ಲಿ ಕೂತವನಿಗೆ ಏನು ಗೊತ್ತಾಗುತ್ತೆ?” ಎಂದು ಹಂಗಿಸುತ್ತಿದ್ದ. ಸಂಜೆ ಆ ಬೆನ್ನಿಗೆ ಎಣ್ಣೆ ತಿಕ್ಕುವವಳು ಇವಳು. ಗೊತ್ತಾಗುವುದೆಲ್ಲ ಇವಳ ಕೈಗೂ ಗೊತ್ತಾಗುತ್ತಿತ್ತು.

ಕ್ಷೌರದಂಗಡಿಯವನು ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿದ. ಸೈಕಲ್ ಆರಾಮಾಗಿ ಹೊರಗೆ ಬಂತು. ಅಂಗಳದಲ್ಲಿ ಅಕ್ಕಪಕ್ಕದವರು, ಲಿಫ್ಟ್ ಕೆಲಸದವರು, ಗುಡ್ಡದ ಗೆಳೆಯರು ನಿಂತಿದ್ದರು. ಅವನು ಎರಡೂ ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ ಕಣ್ಣೊರೆಸಿಕೊಂಡ.

“ಬೂದು ಬಣ್ಣದ್ದು ಹಗುರ. ಆದರೆ ಹಲ್ಲು ಅಲ್ಲಾಡಿಸೋ ಗಾಡಿ. ಈ ಹಸಿರದು ಒಳ್ಳೇದೇ, ಇಲ್ಲ ಅನ್ನಲ್ಲ. ಆದರೂ ಅತ್ತಿಗೆ, ಅವನ ಜೀವ ಇದ್ದಿದ್ದು ಮೊದಲನೇ ನೀಲಿ ಸೈಕಲ್ಲಲ್ಲಿ. ಉಕ್ಕಿನದು. ಯಾವ ಪಾಪಿ ಕದ್ದನೋ. ಅವನ ಕೈಗೆ ಹುಳ ಬೀಳ.”

ಇಪ್ಪತ್ತೈದು ವರ್ಷಗಳಲ್ಲಿ ಈ ಶಾಪವನ್ನು ಅವನ ಬಾಯಲ್ಲಿ ಎಷ್ಟು ಸಲ ಕೇಳಿದ್ದಳೋ. ಪ್ರತಿ ಸಲವೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

* * *

ಆಗ ಮಗಳಿಗೆ ಆರು ತಿಂಗಳು. ಗಂಡ ಗುಡ್ಡದಿಂದ ಬಿದ್ದು, ಒಂದೇ ವರ್ಷದಲ್ಲಿ ಎರಡನೆಯ ಸಲ ಕತ್ತಿನ ಕೆಳಗಿನ ಎಲುಬು ಮುರಿದುಕೊಂಡು ಬಂದಿದ್ದ. ಮಂಚದ ಮೇಲೆ ಮಲಗಿಸಿದಾಗ ಅವನು ಕೇಳಿದ ಮೊದಲ ಮಾತು, “ಸೈಕಲ್‌ಗೆ ಏನೂ ಆಗಿಲ್ಲ ತಾನೆ?”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಲ ಕತ್ತೇ ಮುರಿದರೆ ಈ ಕೂಸನ್ನು ಕಟ್ಟಿಕೊಂಡು ತಾನೇನು ಮಾಡುವುದು ಎಂಬ ಭಯದಲ್ಲಿ ವಾರವಿಡೀ ನಿದ್ದೆಯಿಲ್ಲ. ಅವನು ಆಸ್ಪತ್ರೆಗೆ ಹೋಗಿದ್ದ ದಿನ, ಅಡುಗೆಮನೆಯ ಕಿಟಕಿಗೆ ಗಾಜು ಹಾಕಲು ಒಬ್ಬ ಬಂದ. ಗಾಜುಗಳನ್ನು ಬೆನ್ನಿಗೆ ಕಟ್ಟಿಕೊಂಡು ಊರೆಲ್ಲ ನಡೆದೇ ತಿರುಗುವವನು. ಕೆಲಸ ಮುಗಿಸಿ ಹೊರಟವನನ್ನು ಅವಳು ತಡೆದು, ಮೆಟ್ಟಿಲ ಕೆಳಗಿನ ನೀಲಿ ಸೈಕಲ್ಲನ್ನು ತೋರಿಸಿದಳು.

“ಇದನ್ನ ತಗೊಂಡು ಹೋಗಿ. ದೂರ ತಗೊಂಡು ಹೋಗಿ.”

“ನಿಜವಾಗ್ಲೂನಾ ಅಮ್ಮ? ಯಜಮಾನರು ಏನೂ ಅನ್ನಲ್ವಾ?”

“ಅವರೇ ಹೇಳಿದ್ದು.”

ಸಂಜೆ ಗಂಡ ಬಂದರೆ ಆಡಬೇಕಾದ ಜಗಳವನ್ನೆಲ್ಲ ಅವಳು ಸಾಲುಸಾಲಾಗಿ ಸಿದ್ಧ ಮಾಡಿ ಇಟ್ಟುಕೊಂಡಿದ್ದಳು. ಅವನು ಬಂದ, ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ. “ಸೈಕಲ್ ಎಲ್ಲೇ?” ಎಂದವನ ಮುಖ ನೋಡಿ ಅವಳ ಜಗಳವೆಲ್ಲ ಬಾಯಲ್ಲೇ ಉಳಿಯಿತು. “ಯಾರೋ ಕದ್ದುಕೊಂಡು ಹೋಗಿರಬೇಕು ರೀ,” ಎಂದುಬಿಟ್ಟಳು.

ಎರಡು ತಿಂಗಳು ಅವನು ಕಟ್ಟು ಹಾಕಿದ ಕೈ ಹೊತ್ತುಕೊಂಡು ಬೀದಿಬೀದಿ ಹುಡುಕಿದ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಅವಳು ದಿನ ದೂಡಿದಳು. ಆಮೇಲೆ ಒಂದು ದಿನ ಅವನು ಹುಡುಕುವುದನ್ನು ನಿಲ್ಲಿಸಿದ. ಮುಂದಿನ ವರ್ಷ ಬೂದು ಸೈಕಲ್ ತಂದು ನೇರ ಮನೆಯೊಳಗೇ ನಿಲ್ಲಿಸಿದ. “ಕಳ್ಳರ ಕಾಟ ಕಣೇ,” ಎಂದ. ಹೇಳುವ ಹೊತ್ತು ಮೀರಿಹೋಗಿತ್ತು.

* * *

ಪೆಟ್ಟಿಗೆ ಎತ್ತಲು ಇನ್ನು ಅರ್ಧ ಗಂಟೆ ಇತ್ತು. ಗಲ್ಲಿಯ ತುದಿಯಿಂದ ಮುದುಕನೊಬ್ಬ ಸೈಕಲ್ ತಳ್ಳಿಕೊಂಡು ಏರು ಹತ್ತಿ ಬಂದ. ಬಣ್ಣ ಅಲ್ಲಲ್ಲಿ ಹೋಗಿದ್ದರೂ ನೀಲಿ ನೀಲಿಯೇ. ಅವಳು ಸೈಕಲ್ಲನ್ನೂ ಗುರುತಿಸಿದಳು, ಮುದುಕನನ್ನೂ ಗುರುತಿಸಿದಳು. ಅದೇ ಗಾಜಿನವನು. ಇವನು ಇವತ್ತೇ ಬರಬೇಕಿತ್ತೇ, ಇಷ್ಟು ಜನರ ಮುಂದೆ?

ಕ್ಷೌರದಂಗಡಿಯವನು ಅಷ್ಟರಲ್ಲಿ ಹ್ಯಾಂಡಲ್ ಹಿಡಿದಾಗಿತ್ತು. “ಇದು ಎಲ್ಲಿ ಸಿಕ್ಕಿತು ನಿಮಗೆ?”

ಮುದುಕ ಅವನನ್ನು ನೋಡಿದ, ಅವನ ಹಿಂದೆ ನಿಂತಿದ್ದ ಅವಳನ್ನು ನೋಡಿದ. “ಹಳೇ ಸಾಮಾನಿನ ಅಂಗಡೀಲಿ ತಗೊಂಡೆ,” ಎಂದ.

“ಯಾವ ಅಂಗಡಿ?”

“ಈಗಿಲ್ಲ ಅದು.”

“ಇರಲ್ಲ, ಹೇಗಿರುತ್ತೆ? ಈ ಸೈಕಲ್ಲಿನ ಒಂದೊಂದು ಗೀರೂ ನನಗೆ ಗೊತ್ತು. ಇದು ಕದ್ದ ಮಾಲು. ಸತ್ತವನ ಮನೆ ಬಾಗಿಲಿಗೇ ತಳ್ಳಿಕೊಂಡು ಬಂದಿದ್ದೀರಲ್ಲ, ಎಂಥಾ ಗುಂಡಿಗೆ ರೀ ನಿಮ್ಮದು?”

ಜನ ಸುತ್ತ ಸೇರಿದರು. ಮುದುಕ ತಲೆ ತಗ್ಗಿಸಿ ನಿಂತ. ಒಂದು ಮಾತು ಆಡಿದರೆ ಅವನು ಬಚಾವಾಗುತ್ತಿದ್ದ, ಆದರೂ ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ತನ್ನ ಗುಟ್ಟು ಗಂಡನ ಜೊತೆಗೇ ಮಣ್ಣಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಗಳ ಕಣ್ಣಲ್ಲಿ ತಾಯಿಯಾಗಿ ಉಳಿಯಬಹುದು, ಕ್ಷೌರದಂಗಡಿಯವನ ಕಣ್ಣಲ್ಲಿ ಅತ್ತಿಗೆಯಾಗಿ ಉಳಿಯಬಹುದು. ಮುದುಕನ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಅದನ್ನು ನೋಡಲು ಅವಳಿಂದ ಆಗಲಿಲ್ಲ.

“ಅವರನ್ನ ಬಿಡಪ್ಪ,” ಎಂದಳು. “ಕಳುವಾಗಿರಲಿಲ್ಲ ಅದು. ನಾನೇ ಕೊಟ್ಟಿದ್ದು. ಕೊಟ್ಟು, ಕಳುವಾಯ್ತು ಅಂತ ನಿಮ್ಮೆಲ್ಲರಿಗೂ ಸುಳ್ಳು ಹೇಳಿದೆ. ನೀನು ಬೈತಿದ್ದಿದ್ದೆಲ್ಲ ನನಗೇ.”

ಕ್ಷೌರದಂಗಡಿಯವನ ಕೈ ತಾನಾಗಿಯೇ ಸಡಿಲವಾಯಿತು. ಮಗಳು “ಅಮ್ಮ?” ಎಂದಳು, ಅಷ್ಟೇ. ಅವಳು ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ತಿರುಗಿದಳು. ಒಳಗೆ ಪೆಟ್ಟಿಗೆ ಕಾಣುತ್ತಿತ್ತು. “ಅವರಿಗೊಬ್ಬರಿಗೆ ಹೇಳಬೇಕಿತ್ತು. ಅವರಿಗೇ ಹೇಳಲಿಲ್ಲ,” ಎಂದಳು.

“ಅವರಿಗೆ ಗೊತ್ತಿತ್ತು ಅಮ್ಮ,” ಎಂದ ಮುದುಕ.

* * *

ಅವನು ಜಗಲಿಯ ಮೇಲೆ ಕೂತು, ನೀರು ಕುಡಿದು ಹೇಳಿದ.

“ನೀವು ಕೊಟ್ಟ ಮೂರನೇ ತಿಂಗಳು. ಒಂದು ಹೊಸ ಕಟ್ಟಡದಲ್ಲಿ ಗಾಜು ಹಾಕ್ತಿದ್ದೆ. ಕೆಳಗೆ ಸೈಕಲ್ ನಿಲ್ಲಿಸಿದ್ದೆ. ಅಲ್ಲಿ ಲಿಫ್ಟ್ ಕೂರಿಸೋಕೆ ಬಂದ ನಿಮ್ಮ ಯಜಮಾನರು ಇದರ ಮುಂದೆ ನಿಂತುಬಿಟ್ಟಿದ್ದಾರೆ. ಯಾರು ಕೊಟ್ಟರು ಅಂತ ಕೇಳಿದರು. ಒಬ್ಬ ಅಮ್ಮ ಕೊಟ್ಟರು, ಕಂಕುಳಲ್ಲಿ ಕೂಸಿತ್ತು ಅಂದೆ. ಮೆಟ್ಟಿಲ ಮೇಲೆ ಕೂತುಕೊಂಡರು. ತುಂಬ ಹೊತ್ತು ಕೂತಿದ್ದು, ಆಮೇಲೆ ನಕ್ಕರು. ‘ಚೈನ್ ಒಣಗಿಹೋಗಿದೆಯಲ್ರೀ, ಎಣ್ಣೆ ಹಾಕಲ್ವಾ?’ ಅಂತ ನನಗೇ ಬೈದರು.”

“ವಾಪಸ್ ಕೇಳಲಿಲ್ವಾ?” ಎಂದಳು ಮಗಳು.

“ನಾನೇ ಕೊಡೋಕೆ ಹೋದೆ. ತಗೊಳ್ಳಲಿಲ್ಲ. ‘ಅವಳು ಹೆದರಿ ಕೊಟ್ಟಿದ್ದಾಳೆ. ಇದನ್ನ ಮನೆಗೆ ತಗೊಂಡು ಹೋದರೆ ಇನ್ನು ತಲೆ ಎತ್ತಿ ನನ್ನ ಮುಖ ನೋಡಲ್ಲ. ಯಾರ ಹತ್ರಾನೂ ಬಾಯಿ ಬಿಡಬೇಡಿ’ ಅಂದರು. ಆಮೇಲೆ ಮೂರು ನಾಲ್ಕು ತಿಂಗಳಿಗೊಂದು ಸಲ ನಮ್ಮನೆಗೇ ಬರೋರು. ಬಿಚ್ಚಿ, ಒರೆಸಿ, ಜೋಡಿಸಿ, ಬೀದೀಲಿ ಒಂದು ಸುತ್ತು ಹೊಡೆದು ಹೋಗೋರು. ನಿನ್ನೆ ಲಿಫ್ಟಿನವರು ಸುದ್ದಿ ಹೇಳಿದರು. ಇದನ್ನ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ.”

ಮಗಳು ಮೂಗೊರೆಸಿಕೊಂಡು ಅಮ್ಮನಿಗೆ ಹೇಳಿದಳು: “ಅಂದರೆ ಅಪ್ಪ ಸೈಕಲ್ಲುಗಳನ್ನ ಮನೆಯೊಳಗೆ ಇಟ್ಟುಕೊಳ್ತಿದ್ದಿದ್ದು ಕಳ್ಳರಿಗೆ ಹೆದರಿ ಅಲ್ಲ. ನಿನಗೆ ಹೆದರಿ.”

ಯಾರೋ ಕಿಸಕ್ಕೆಂದರು. ಕ್ಷೌರದಂಗಡಿಯವನು ಬಾಯಿಗೆ ಟವೆಲ್ ಒತ್ತಿಕೊಂಡು ಭುಜ ಕುಲುಕಿಸಿದ. ಅಂಗಳದ ತುಂಬ ನಗು ಹರಡಿ, ಸಾವಿನ ಮನೆ ಎಂದು ನೆನಪಾಗಿ ನಿಂತಿತು.

ಅವಳು ಒಳಗೆ ಹೋದಳು. ಪೆಟ್ಟಿಗೆಯ ಪಕ್ಕ ಕೂತಳು. ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಅವನ ಹೆಗಲು ಹಿಡಿದು ಅಲ್ಲಾಡಿಸಬೇಕೆನಿಸಿತು.

“ಗೊತ್ತಿದ್ದೂ ಒಂದು ಮಾತು ಆಡಲಿಲ್ಲವಲ್ಲ ನೀವು. ಇಪ್ಪತ್ತೈದು ವರ್ಷ ನನ್ನನ್ನ ಒಳಗೊಳಗೇ ಬೇಯೋಕೆ ಬಿಟ್ಟಿರಲ್ಲ. ಬೈದಿದ್ದರೆ ಅವತ್ತೇ ಅತ್ತು, ಕಾಲು ಹಿಡಿದು, ಮುಗಿಸಿಬಿಡ್ತಿದ್ದೆ. ಈಗ ಯಾರ ಹತ್ರ ತಪ್ಪಾಯ್ತು ಅನ್ನಲಿ?”

ಅವನ ಮುಖ ಎಂದಿನಂತೆ ಸಮಾಧಾನವಾಗಿತ್ತು. ಆ ಸಮಾಧಾನವನ್ನು ಅವಳು ಇಷ್ಟು ಕಾಲ ದಡ್ಡತನ ಎಂದುಕೊಂಡಿದ್ದಳು. ಈಗ ಅಳು ಬಂತು, ತಡೆಯಿಲ್ಲದೆ ಬಂತು.

* * *

ಗಲ್ಲಿ ಕಿರಿದು, ವಾಹನ ಕೆಳಗಿನ ರಸ್ತೆಯಲ್ಲೇ ನಿಂತಿತ್ತು. ಅಲ್ಲಿಯವರೆಗೂ ಇಳಿಜಾರು. ಪೆಟ್ಟಿಗೆಯನ್ನು ಆರು ಜನ ಹೆಗಲ ಮೇಲೆ ಎತ್ತಿಕೊಂಡರು. ಗುಡ್ಡದ ಗೆಳೆಯರು ತಮ್ಮ ತಮ್ಮ ಸೈಕಲ್ ಹತ್ತದೆ, ತಳ್ಳಿಕೊಂಡು ಹಿಂದೆ ಹೊರಟರು. ಬೂದು ಸೈಕಲ್ ಮಗಳ ಕೈಯಲ್ಲಿ, ಹಸಿರು ಕ್ಷೌರದಂಗಡಿಯವನ ಕೈಯಲ್ಲಿ. ಮುದುಕ ನೀಲಿಯದನ್ನು ಹಿಡಿದುಕೊಂಡು ಹಿಂಜರಿದು ನಿಂತ.

“ಕೊಡಿ, ನಾನು ತರ್ತೀನಿ,” ಎಂದಳು ಅವಳು.

ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಉಕ್ಕಿನ ಸೈಕಲ್ ಅವಳನ್ನು ಮುಂದಕ್ಕೆ ಎಳೆಯಿತು. ಚಪ್ಪಲಿ ಜಾರಿತು. ಮುದುಕ ಓಡಿಬಂದ.

“ಬಲಗೈ ಬ್ರೇಕ್ ಹಿಡೀರಿ ಅಮ್ಮ. ಜೋರಾಗಿ ಬೇಡ, ಒಂದು ಬೆರಳು ಸಾಕು. ಹೋದ ತಿಂಗಳು ತಾನೇ ಹೊಸ ವೈರ್ ಹಾಕಿ ಬಿಗಿ ಮಾಡಿ ಹೋಗಿದ್ದಾರೆ.”

ಅವಳು ತೋರುಬೆರಳನ್ನು ಬ್ರೇಕಿನ ಮೇಲಿಟ್ಟು ಮೆಲ್ಲಗೆ ಒತ್ತಿದಳು. ಸೈಕಲ್ ಒಂದಿಷ್ಟೂ ಸದ್ದು ಮಾಡದೆ ಇಳಿಜಾರಿನ ನಡುವೆ ನಿಂತಿತು. ಪೆಟ್ಟಿಗೆ ಸ್ವಲ್ಪ ಮುಂದೆ ಹೋಯಿತು. ಬೆರಳು ಸಡಿಲಿಸಿದಳು, ಚಕ್ರ ಉರುಳಿತು. ಒತ್ತಿದಳು, ನಿಂತಿತು. ಹೀಗೆ ಬಿಡುತ್ತ, ಹಿಡಿಯುತ್ತ ಅವಳು ಕೆಳಗಿಳಿದಳು. ಸಮನೆಲ ಬಂದ ಮೇಲೂ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.