ಯಾರಿಗೂ ಕಾಯದ ಮ್ಯಾನೇಜರ್

ಸೇಸಪ್ಪನನ್ನು ನಂಬಬಹುದೇ ಎಂಬ ಚರ್ಚೆ ಸಾಲ್ಮಿಯಾದಲ್ಲಿದ್ದ ತಿಲಕನ ಫ್ಲ್ಯಾಟಿನಲ್ಲಿ ಮಧ್ಯಾಹ್ನದ ಗಂಜಿ ಆರಿ ಹೋಗುವವರೆಗೂ ನಡೆಯಿತು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ತಿಂಗಳಾಗಿತ್ತು. ಕಂಪನಿಯೊಂದರ ಕ್ರಿಕೆಟ್ ತಂಡಕ್ಕೆ ಸಂಬಳದ ಮ್ಯಾನೇಜರ್ ಆಗಿದ್ದ ಸೇಸಪ್ಪ, ಊರಿನ ನಲವತ್ತು ಜನರನ್ನು ಜೋರ್ಡಾನಿನ ಅಮ್ಮಾನಿಗೆ ದಾಟಿಸಲು ಬಸ್ಸೊಂದನ್ನು ಹೊಂದಿಸಿದ್ದ. ಮರುದಿನ ಬೆಳಿಗ್ಗೆ ಆರಕ್ಕೆ ಬೇರೆ ಬಸ್ಸುಗಳ ಸಾಲಿನೊಂದಿಗೇ ಅದು ಹೊರಡಬೇಕು. ಸಾಲು ತಪ್ಪಿದ ಬಸ್ಸನ್ನು ಸೈನಿಕರು ಮುಂದೆ ಬಿಡುತ್ತಿರಲಿಲ್ಲ.

“ಏಳು ಫೈನಲಿನಲ್ಲಿ ಐದು ಸೋತವ ಅವ,” ಎಂದ ತಿಲಕ್. “ಕಡೆಯದಕ್ಕೆ ನಾನು ಐದು ನಿಮಿಷ ತಡ ಆದೆ ಅಂತ ವ್ಯಾನ್ ಹೊರಡಿಸಿದ. ಓಪನಿಂಗ್ ಬ್ಯಾಟ್ಸ್‌ಮನ್ನನ್ನೇ ಬಿಟ್ಟು! ಅಂಥವನ ಕೈಯಲ್ಲಿ ಹೆಂಡತಿ ಮಗುವನ್ನು ಕೊಡುವುದಾ?”

ಊರಿಗೆ ಬೆಂಕಿ ಬಿದ್ದರೂ ಗಂಡಸರಿಗೆ ಕ್ರಿಕೆಟ್ಟೇ ದೊಡ್ಡದು. ಎರಡು ವರ್ಷದಿಂದ ಪ್ರತಿ ಶುಕ್ರವಾರ ತಿಲಕ್ ಇದೇ ಮಾತನ್ನು ಸೇಸಪ್ಪನ ಮುಖಕ್ಕೇ ಹೇಳುತ್ತ ಬಂದಿದ್ದ.

“ಸೋತದ್ದು ಹೌದು,” ವಿಕೆಟ್ ಕೀಪರ್ ಕ್ಲೆಮೆಂಟ್ ಬಿಡಲಿಲ್ಲ. “ಆದರೆ ಅವನ ಟೀಮು ಒಂದು ದಿನವಾದರೂ ಗ್ರೌಂಡಿಗೆ ಲೇಟಾಗಿ ಮುಟ್ಟಿದ್ದುಂಟಾ? ಇಲ್ಲ ಮಾರಾಯ. ಈಗ ನಮಗೆ ಬೇಕಾದದ್ದು ಅದೇ ಅಲ್ವಾ?”

ತಿಲಕನ ಹೆಂಡತಿ ರತ್ನಾವತಿಗೂ ಬೇಕಾದದ್ದು ಅದೇ. ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳಿಗೆ ಅಂದು ಕೊನೆಯ ನೈಟ್ ಡ್ಯೂಟಿ. ಬದಲಿಯವಳು ಬಾರದೆ ವಾರ್ಡು ಬಿಡುವಂತಿರಲಿಲ್ಲ.

“ಆರರೊಳಗೆ ನಾನು ಬಾರದಿದ್ದರೆ ನೀವು ಬಸ್ಸಿನಿಂದ ಇಳಿಯಬೇಡಿ,” ಎಂದಳು ಗಂಡನಿಗೆ. “ದೀಕ್ಷಿತಾಳನ್ನು ಊರು ಮುಟ್ಟಿಸಿ. ನಾನು ಹೇಗಾದರೂ ಬರ್ತೇನೆ. ಸೇಸಪ್ಪಣ್ಣ ಕಾಯುವ ಜನ ಅಲ್ಲ, ನನಗೆ ಅದೇ ಧೈರ್ಯ.”

ತಿಲಕ್ ಮುಖ ತಿರುಗಿಸಿದ.

ಬದಲಿಯವಳು ಬಂದಾಗ ಐದೂವರೆ. ದಾರಿಯಲ್ಲಿ ಸೈನಿಕರು ರತ್ನಾವತಿಯ ಚೀಲ ಸುರಿಸಿ, ವಾಸದ ಪರವಾನಗಿಯಾದ ಇಕಾಮಾ ಕಸಿದುಕೊಂಡು, ಸುಮ್ಮನೆ ನಿಲ್ಲಿಸಿಕೊಂಡರು. ಬಿಟ್ಟಾಗ ಆರು ದಾಟಿತ್ತು. ಓಡುವ ಅವಸರ ಇನ್ನಿರಲಿಲ್ಲ. ಮಗಳು ಹೊರಟಳಲ್ಲ ಎಂದು ಕಣ್ಣೊರೆಸುತ್ತ ನಡೆದಳು. ಎದೆ ಅಷ್ಟೇ ಹಗುರವೂ ಆಗಿತ್ತು.

ಬೀದಿಯ ತಿರುವಿನಲ್ಲಿ ಬಸ್ಸು ನಿಂತಿತ್ತು. ಅದೊಂದೇ. ಕಿಟಕಿಗಳಲ್ಲಿ ಮುಖಗಳಿದ್ದವು.

“ಉಳಿದ ಬಸ್ಸುಗಳು?”

“ಹೋದವು. ಸಾಲು ತಪ್ಪಿತು,” ಎಂದ ಮೆಟ್ಟಿಲ ಬಳಿ ನಿಂತಿದ್ದ ಸೇಸಪ್ಪ.

“ನೀವು ಯಾಕೆ ಹೋಗಲಿಲ್ಲ? ನೀವು ಯಾರಿಗೂ ಕಾಯುವವರಲ್ಲವಲ್ಲ!” ಅವಳಿಗೆ ಕೂಗು ತಡೆಯಲಾಗಲಿಲ್ಲ.

ಸೇಸಪ್ಪ ಒಳಗೆ ಕೂತಿದ್ದ ತಿಲಕನತ್ತ ನೋಡಿದ. “ಇವ ಬೈದಿದ್ದರೆ ಹೊರಟೇಬಿಡ್ತಿದ್ದೆ ಅಕ್ಕ. ಎರಡು ವರ್ಷ ಬೈದವ ಇವತ್ತು ಒಂದು ಮಾತಾಡಲಿಲ್ಲ. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತಾ ಕೂತ. ನನಗೆ ಡ್ರೈವರಿಗೆ ‘ಯಲ್ಲಾ, ಹೊರಡು’ ಅನ್ನಲಿಕ್ಕೆ ಆಗಲಿಲ್ಲ.”

ದೀಕ್ಷಿತಾ ಇಳಿದು ಬಂದು ಅಮ್ಮನ ಕಾಲು ತಬ್ಬಿದಳು. ಆ ಕ್ಷಣ ಆದ ಸಂತೋಷಕ್ಕೆ ರತ್ನಾವತಿಗೆ ನಾಚಿಕೆಯಾಯಿತು. ಮುದುಕಿಯೊಬ್ಬಳು ತನ್ನ ಗಂಟು ಹಿಡಿದು, ಯಾರನ್ನೂ ನೋಡದೆ, ಬಸ್ಸಿನಿಂದ ಕೆಳಗಿಳಿದಳು. ಅವಳ ಹಿಂದೆ ಇನ್ನಿಬ್ಬರು.

ತಪ್ಪಾಯಿತು ಎನ್ನಲು ರತ್ನಾವತಿ ಬಾಯಿ ತೆರೆದಳು. ಆ ನಲವತ್ತು ಜನರಲ್ಲಿ ಮೊದಲು ಯಾರಿಗೆ ಹೇಳಬೇಕೆಂದು ತಿಳಿಯಲಿಲ್ಲ.