ಎಡಗಡೆಯ ಕೆಂಪು ಬಟನ್

ಗೋಪಾಲಕೃಷ್ಣ ಮೂವತ್ತನಾಲ್ಕು ವರ್ಷ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ತಯಾರಾದ ಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದದ್ದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವ ಇನ್‌ಸ್ಪೆಕ್ಟರ್. ಮದುವೆ ಮನೆಯಲ್ಲಿ ಎಲೆಗೆ ಬಿದ್ದ ಲಾಡನ್ನೂ ಈ ಮನುಷ್ಯ ಒಂದು ಕ್ಷಣ ತಿರುಗಿಸಿ ನೋಡಿಯೇ ಬಾಯಿಗಿಡುತ್ತಾರೆಂದು ಅವರ ಹೆಂಡತಿ ಪಂಕಜಾ ನೆಂಟರ ಮುಂದೆ ಹೇಳುವುದುಂಟು.

ನಿವೃತ್ತಿಯಾದ ಮೇಲೆ ಪೀಣ್ಯದಲ್ಲಿ ಒಂದು ಶೆಡ್ ಹಿಡಿದು, ಮಷಿನುಗಳಿಗೆ ಕಂಟ್ರೋಲ್ ಪ್ಯಾನಲ್ ಮಾಡಿಕೊಡುವ ಕೆಲಸಕ್ಕೆ ಕೂತರು. ಜೊತೆಗೆ ಕಾರ್ಖಾನೆಯ ಹಳೆಯ ಗೆಳೆಯ ರಾಜೇಂದ್ರ. ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತುತ್ತಿದ್ದರು, ಹನ್ನೊಂದಕ್ಕೆ ಕಾಫಿ, ಒಂದಕ್ಕೆ ಡಬ್ಬಿ, ನಡುವೆ ಸಾಧ್ಯವಾದಷ್ಟು ಕೆಲಸ.

ಏಳು ವರ್ಷದ ಹಿಂದೆ ಆ ಶೆಡ್ಡಿಗೆ ಸಿನಿಮಾದವರು ಬಂದರು. 'ಬಾನ್ದೋಣಿ' ಅಂತ ಚಿತ್ರ, ಮೂರು ಭಾಗದಲ್ಲಿ ಬರುತ್ತದೆ, ಕಥೆ ಪೂರ್ತಿ ಆಕಾಶದಲ್ಲೇ ನಡೆಯುತ್ತದೆ, ನಾಯಕಿ ಇಳಾ ಓಡಿಸುವ ನೌಕೆಗೆ ಒಂದು ಪ್ಯಾನಲ್ ಬೇಕು ಎಂದರು. ನಲವತ್ತೆರಡು ದೀಪ, ಮೂವತ್ತು ಸ್ವಿಚ್ಚು ಬರೆದ ನಕ್ಷೆ ಕೊಟ್ಟರು. ಯಾವುದು ಏನು ಮಾಡಬೇಕೆಂದು ಗೋಪಾಲಕೃಷ್ಣ ಕೇಳಿದ್ದಕ್ಕೆ, ಏನೂ ಮಾಡಬೇಕಿಲ್ಲ ಸಾರ್, ಮಿನುಗಿದರೆ ಸಾಕು ಎಂದರು. ಏನೂ ಮಾಡದ ಮೂವತ್ತು ಸ್ವಿಚ್ಚುಗಳನ್ನು ಕೂಡಿಸುವುದು ಅವರ ಮನಸ್ಸಿಗೆ ಬಹಳ ಕಷ್ಟವಾಯಿತು. ಆದರೂ ಮಾಡಿದರು. ಮಾಡುವಾಗ ಕೈಯ ಅಭ್ಯಾಸಕ್ಕೆ ಬಿದ್ದು, ನಕ್ಷೆಯಲ್ಲಿಲ್ಲದ ಒಂದನ್ನೂ ಸೇರಿಸಿಬಿಟ್ಟರು: ಎಡಗಡೆ, ಅಂಗೈ ಅಗಲದ ಅಣಬೆಯಂಥ ಒಂದು ಕೆಂಪು ಬಟನ್. ಮಷಿನನ್ನು ಗಕ್ಕನೆ ನಿಲ್ಲಿಸುವ ಬಟನ್ ಅದು. ಅದಿಲ್ಲದೆ ಅವರ ಕೈಯಿಂದ ಒಂದು ಪ್ಯಾನಲ್ಲೂ ಆಚೆ ಹೋದದ್ದಿಲ್ಲ. ಆಕಾಶಕ್ಕೆ ಹೋಗುವುದೆಂದ ಮಾತ್ರಕ್ಕೆ ರಿಯಾಯಿತಿ ಏಕೆ?

ಸಿನಿಮಾದವರು ಗಮನಿಸಲಿಲ್ಲ. ಮೂರನೇ ಭಾಗ ತೆರೆಗೆ ಬರುವವರೆಗೆ ಏನು ಮಾಡಿಕೊಟ್ಟಿರೆಂದು ಯಾರಿಗೂ ಹೇಳಬಾರದೆಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಪ್ಯಾನಲ್ಲನ್ನು ಟೆಂಪೋಗೆ ಏರಿಸಿಕೊಂಡು ಹೋದರು. ಅವರು ಗಮನಿಸದಿದ್ದದ್ದನ್ನು ಪ್ರೇಕ್ಷಕರು ಗಮನಿಸಿದರು.

ಪ್ರೇಕ್ಷಕರಲ್ಲಿ ಎಲ್ಲರಿಗಿಂತ ಹೆಚ್ಚು ಗಮನಿಸಿದವಳು ಗೋಪಾಲಕೃಷ್ಣರ ಮಗಳ ಮಗಳು ತನ್ಮಯಿ. ನಾಗಸಂದ್ರದ ಅವರ ಮನೆಯ ಮೇಲಿನ ಮಹಡಿಯಲ್ಲೇ ಅವಳ ಅಪ್ಪ ಅಮ್ಮನ ಸಂಸಾರ. ಮೊದಲ ಭಾಗ ನೋಡಿದಾಗ ಅವಳಿಗೆ ಹದಿನಾಲ್ಕು. ಈಗ ಇಪ್ಪತ್ತು, ಕೈಯಲ್ಲಿ ನಲವತ್ತೊಂದು ಸಾವಿರ ಜನ ನೋಡುವ ಯೂಟ್ಯೂಬ್ ಚಾನೆಲ್ಲು. ಚಾನೆಲ್ಲಿನ ಜೀವಾಳ ಅವಳ 'ಎಡಗೈ ಸಿದ್ಧಾಂತ'. ಅದರ ಸಾರಾಂಶ ಇಷ್ಟು: ನೌಕೆಯಲ್ಲಿ ಮಿಕ್ಕ ಸ್ವಿಚ್ಚುಗಳೆಲ್ಲ ಬಲಗಡೆ, ಕೆಂಪು ಬಟನ್ ಒಂದೇ ಎಡಗಡೆ. ಮೊದಲ ಭಾಗದ ಶುರುವಿನಲ್ಲಿ ತೀರಿಕೊಳ್ಳುವ ಇಳಾಳ ತಾಯಿ ಒಂದು ದೃಶ್ಯದಲ್ಲಿ ಎಡಗೈಯಿಂದ ಮಗಳ ತಲೆ ಬಾಚುತ್ತಾಳೆ. ಆದ್ದರಿಂದ ನೌಕೆ ಕಟ್ಟಿದವಳು ತಾಯಿಯೇ, ಆದ್ದರಿಂದ ಅವಳು ಸತ್ತಿಲ್ಲ, ಮೂರನೇ ಭಾಗದಲ್ಲಿ ಬಟನ್ ಒತ್ತಿದರೆ ಬರುವವಳು ಅವಳೇ. ಎರಡು 'ಆದ್ದರಿಂದ'ಗಳ ನಡುವೆ ಒಂದು ಲಾರಿ ಹೋಗುವಷ್ಟು ಜಾಗವಿದೆಯೆಂದು ಗೋಪಾಲಕೃಷ್ಣರಿಗೆ ಅನ್ನಿಸುತ್ತಿತ್ತು. ಬಾಯಿ ಬಿಡುವಂತಿರಲಿಲ್ಲ. ಸಹಿ ಹಾಕಿದ್ದರು.

ಒಂದು ಭಾನುವಾರ ಅವಳು ಮೊಬೈಲ್ ಹಿಡಿದುಕೊಂಡು ಕೆಳಗೆ ಬಂದು, ತಾತ, ನೀವು ಪ್ಯಾನಲ್ ಮಾಡೋರಲ್ವಾ, ಸುಮ್‌ಸುಮ್ನೆ ಯಾರಾದ್ರೂ ಬಟನ್ ಎಡಗಡೆ ಇಡ್ತಾರಾ ಎಂದು ಕೇಳಿದಳು.

"ಸುಮ್‌ಸುಮ್ನೆ ಯಾರೂ ಇಡಲ್ಲ," ಎಂದರು ಗೋಪಾಲಕೃಷ್ಣ. ಅದು ನಿಜವಾಗಿತ್ತು.

ಮಾರನೆಯ ದಿನ ಆ ಮಾತು, ಅವರ ಬನಿಯನ್ನಿನ ಸಮೇತ, 'ಮೂವತ್ತನಾಲ್ಕು ವರ್ಷ ಅನುಭವವಿರುವ ತಜ್ಞರ ಅಭಿಪ್ರಾಯ' ಎಂಬ ತಲೆಬರಹದಡಿ ನಲವತ್ತೊಂದು ಸಾವಿರ ಜನರಿಗೆ ತಲುಪಿತು. ಪಂಕಜಾಗೆ ಬೇಸರವಾದದ್ದು ಬನಿಯನ್ನಿನ ಬಗ್ಗೆ ಮಾತ್ರ. ಗೋಪಾಲಕೃಷ್ಣರಿಗೆ ಬೇರೆ ಸಂಕಟ. ತಾನು ಮುದ್ರೆ ಒತ್ತದ ಮಾಲು ತನ್ನ ಮುದ್ರೆಯೊಂದಿಗೆ ಗೇಟು ದಾಟಿ ಹೋದಂತೆ ಅವರಿಗೆ ಭಾಸವಾಯಿತು.

ಅಷ್ಟರಲ್ಲಿ ಜಿಗಣಿಯಿಂದ ದೀಪು ಎಂಬ ಹುಡುಗ ತನ್ನ ಚಾನೆಲ್ಲಿನಲ್ಲಿ ಎದುರು ವಾದ ಹೂಡಿದ. ಬಟನ್ ಒತ್ತಿದರೆ ನೌಕೆ ಸಿಡಿದು ಚೂರಾಗುತ್ತದೆ, ತಾಯಿಯೂ ಇಲ್ಲ ಗೀಯಿಯೂ ಇಲ್ಲ ಎಂಬುದು ಅವನ ಮತ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಇಬ್ಬರೂ ತಮ್ಮ ತಮ್ಮ ಜನರ ಮುಂದೆ ಪಣ ತೊಟ್ಟರು: ಮೂರನೇ ಭಾಗದಲ್ಲಿ ಯಾರ ಮಾತು ಸುಳ್ಳಾಗುತ್ತದೋ ಅವರು ಅವತ್ತೇ ಚಾನೆಲ್ ಮುಚ್ಚಬೇಕು.

ತನ್ಮಯಿಯದು ಆರು ವರ್ಷದ ಕೆಲಸ. ಪರೀಕ್ಷೆಗೆ ಓದದೆ, ನೆಂಟರ ಮನೆಗೆ ಹೋಗದೆ, ಸಿನಿಮಾವನ್ನು ಅಂಗುಲಂಗುಲ ನಿಲ್ಲಿಸಿ ನೋಡಿ ಕಟ್ಟಿದ್ದು. ತಾತನಿಗೆ ಅದರ ಬೆಲೆ ಗೊತ್ತಿತ್ತು. ಅಷ್ಟು ಶ್ರದ್ಧೆಯಿಂದ ತಪ್ಪು ಅಳತೆ ತೆಗೆದವರನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ.

ಮೂರನೇ ಭಾಗ ಬಿಡುಗಡೆಯಾಗಲು ನಾಲ್ಕು ತಿಂಗಳಿತ್ತು. ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಕಾರು ನಿಂತು ಚಿತ್ರದ ನಿರ್ದೇಶಕ ವೀರೇಶ್ ಇಳಿದ. ಸರಿಯಾಗಿ ನಿದ್ದೆ ಮಾಡಿ ತಿಂಗಳಾದವನ ಮುಖ. ಸ್ಟೂಲಿನ ಮೇಲೆ ಕೂತು, ಚಿತ್ರ ಮುಗಿಸಿ ಮೂವತ್ತು ಜನರಿಗೆ ತೋರಿಸಿದ ಕಥೆ ಹೇಳಿದ. ನೋಡಿದ ಮೇಲೆ ಅನಿಸಿಕೆ ಬರೆಯಲು ಒಂದೊಂದು ಹಾಳೆ ಕೊಟ್ಟಿದ್ದರಂತೆ. ಇಪ್ಪತ್ತೆಂಟು ಜನ ಬರೆದದ್ದು ಒಂದೇ ಪ್ರಶ್ನೆ: ಕೆಂಪು ಬಟನ್ ಏನಾಯಿತು? ಮಿಕ್ಕಿಬ್ಬರಲ್ಲಿ ಒಬ್ಬ ಹಾಳೆಯಲ್ಲಿ ಬಟನ್ನಿನ ಚಿತ್ರವನ್ನೇ ಬರೆದಿದ್ದ, ಇನ್ನೊಬ್ಬ ನಿರ್ಮಾಪಕರ ಭಾವಮೈದ.

ಸಮಸ್ಯೆಯೆಂದರೆ ಕಥೆಯಲ್ಲಿ ಬಟನ್ನೇ ಇರಲಿಲ್ಲ. ವೀರೇಶ್ ಅದನ್ನು ಮೊದಲ ಸಲ ನೋಡಿದ್ದೂ ಜನ ಚರ್ಚೆ ಮಾಡತೊಡಗಿದ ಮೇಲೆಯೇ. ಈಗ ಕ್ಲೈಮ್ಯಾಕ್ಸ್ ಮತ್ತೆ ಚಿತ್ರೀಕರಿಸಲೇಬೇಕು. ಒತ್ತಿದರೆ ಏನಾಗಬೇಕು ಅನ್ನುವುದಕ್ಕೆ ಅವನ ಹತ್ತಿರ ಎರಡು ಬರಹ ಸಿದ್ಧವಿದ್ದವು, ಎರಡೂ ಅವನಿಗೆ ಹಿಡಿಸಿರಲಿಲ್ಲ.

"ಯೂಟ್ಯೂಬಲ್ಲಿ ಒಂದು ಹುಡುಗಿ ಇದಾಳೆ ಸಾರ್. ಬಟನ್ ಒತ್ತಿದ್ರೆ ತಾಯಿ ಬರ್ತಾಳೆ ಅಂತಾಳೆ. ನಮ್ ಪ್ರೊಡ್ಯೂಸರ್‌ಗೆ ಅದು ಸಕ್ಕತ್ ಇಷ್ಟ. ತಾಯಿ ಪಾತ್ರ ಮಾಡಿದ ಮೇಡಂ ಡೇಟ್ಸೂ ಇದೆ. ನನಗ್ಯಾಕೋ ಮನಸ್ಸು ಒಪ್ತಿಲ್ಲ. ಅದನ್ನ ಇಟ್ಟೋರು ನೀವು. ಯಾಕೆ ಇಟ್ರಿ ಹೇಳಿ, ನೀವು ಹೇಳಿದ ಕಡೆಗೆ ಹೋಗ್ಬಿಡ್ತೀನಿ."

ಗೋಪಾಲಕೃಷ್ಣ ಕನ್ನಡಕ ತೆಗೆದು ಒರೆಸಿದರು. ಆ ಹುಡುಗಿ ಯಾರೆಂದು ಇವನಿಗೆ ಗೊತ್ತಿಲ್ಲ. ತಾಯಿಯನ್ನೇ ಕರೆಸಪ್ಪ, ಜನಕ್ಕೆ ಇಷ್ಟವಾಗುತ್ತೆ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಚಾನೆಲ್ ಉಳಿಯುತ್ತದೆ, ಜಿಗಣಿಯ ಹುಡುಗ ಬಾಗಿಲು ಮುಚ್ಚುತ್ತಾನೆ, ಮೊಮ್ಮಗಳು ಮೇಲಿನ ಮಹಡಿಯಿಂದ ಕುಣಿದುಕೊಂಡು ಇಳಿದು ಬರುತ್ತಾಳೆ. ಯಾರಿಗೂ ನಷ್ಟವಿಲ್ಲ. ಕಾರ್ಖಾನೆಯಲ್ಲಿದ್ದಾಗಲೂ ಇಂಥ ಗಳಿಗೆಗಳು ಬಂದಿದ್ದವು. ಬಿಟ್ಟುಬಿಡಿ ಸಾರ್, ಯಾರಿಗೆ ಗೊತ್ತಾಗುತ್ತೆ ಅನ್ನುವವರು ಪ್ರತಿ ಶಿಫ್ಟಿನಲ್ಲೂ ಒಬ್ಬರಿರುತ್ತಿದ್ದರು. ಈ ಸಲ ಹಾಗೆ ಅನ್ನುತ್ತಿದ್ದವರು ಸ್ವತಃ ಅವರೇ ಅನ್ನುವುದಷ್ಟೇ ವ್ಯತ್ಯಾಸ.

ಶೆಡ್ಡಿನ ಆ ಕೊನೆಯಲ್ಲಿ ರಾಜೇಂದ್ರ ತಂತಿ ಸುಲಿಯುತ್ತ ಕೂತಿದ್ದರು. ಬಲಗೈಯಲ್ಲಿ ಮೂರೇ ಬೆರಳು. ಆದರೂ ಐದು ಬೆರಳಿನವರಿಗಿಂತ ಚೊಕ್ಕ ಕೆಲಸ.

"ರಾಜೇಂದ್ರ, ಇವರಿಗೆ ಹೇಳಲಾ?" ಎಂದು ಗೋಪಾಲಕೃಷ್ಣ ಕೇಳಿದರು.

"ಹೇಳಿ ಸಾರ್. ನಾನೇನ್ ಅದಕ್ಕೆ ಕಾಗದ ಬರೆಸ್ಕೊಂಡಿದೀನಾ?" ಎಂದರು ರಾಜೇಂದ್ರ, ತಲೆ ಎತ್ತದೆ.

ಗೋಪಾಲಕೃಷ್ಣ ಹೇಳಿದರು. ಎಂಬತ್ತೇಳನೇ ಇಸವಿ, ಮಧ್ಯಾಹ್ನದ ಪಾಳಿ. ತಗಡು ಬಗ್ಗಿಸುವ ರೋಲರಿಗೆ ರಾಜೇಂದ್ರರ ಬಲಗೈ ಗವಸಿನ ತುದಿ ಸಿಕ್ಕಿತು. ರೋಲರ್ ನಿಧಾನದ ಮಷಿನು. ನಿಲ್ಲಿಸಲು ಬೇಕಾದಷ್ಟು ಸಮಯವಿತ್ತು, ನಿಲ್ಲಿಸುವ ಬಟನ್ನೂ ಇತ್ತು. ಇದ್ದದ್ದು ಬಲಗಡೆ, ಸಿಕ್ಕಿಕೊಂಡ ಕೈಗಿಂತ ಆಚೆಗೆ. ಎಡಗೈ ಅಲ್ಲಿಗೆ ಎಟುಕಲಿಲ್ಲ. ಹತ್ತು ಮಾರು ದೂರದಲ್ಲಿದ್ದ ಗೋಪಾಲಕೃಷ್ಣ ಓಡಿ ಬಂದು ಒತ್ತುವ ಹೊತ್ತಿಗೆ ಎರಡು ಬೆರಳು ಹೋಗಿದ್ದವು. ಆ ಮಷಿನ್ ಬಂದಾಗ ಪರೀಕ್ಷಿಸಿ ಸರಿಯಿದೆಯೆಂದು ಸಹಿ ಹಾಕಿದ್ದವರೂ ಅವರೇ. ಅಳತೆಗಳೆಲ್ಲ ಸರಿಯಾಗಿಯೇ ಇದ್ದವು.

"ತೊಂದರೆ ಬಂದಾಗ ಬಲಗೈ ಆಗಲೇ ಒಳಗಿರುತ್ತೆ ಕಣಪ್ಪ," ಎಂದರು ಅವರು. "ಖಾಲಿ ಇರೋದು ಎಡಗೈ. ಅದಕ್ಕೆ ಎಡಗಡೆ. ಒತ್ತಿದ್ರೆ ಎಲ್ಲ ನಿಲ್ಲುತ್ತೆ, ಅಷ್ಟೇ. ಯಾರೂ ಬರಲ್ಲ, ಏನೂ ಸಿಡಿಯಲ್ಲ."

ಕಾಫಿ ಆರಿತ್ತು; ವೀರೇಶ್ ಅದನ್ನೇ ಕುಡಿದು ಕೈಮುಗಿದು ಹೊರಟ. ಅವತ್ತು ಸಂಜೆ ಗೋಪಾಲಕೃಷ್ಣ ಮನೆಗೆ ಹೋದಾಗ ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಹೊಸ ವಿಡಿಯೋಗೆ ತಯಾರಾಗುತ್ತಿದ್ದಳು. ತಾತ, ಇನ್ನು ನಾಲ್ಕೇ ತಿಂಗಳು ಎಂದಳು. ಅವರು ಚಪ್ಪಲಿ ಬಿಡಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

ಬಿಡುಗಡೆಯ ದಿನ ಬೆಳಗಿನ ಆಟಕ್ಕೆ ತನ್ಮಯಿ ನಾಲ್ಕು ಟಿಕೆಟ್ ತೆಗೆದಿದ್ದಳು: ತನಗೆ, ತಾತ ಅಜ್ಜಿಗೆ, ರಾಜೇಂದ್ರ ಮಾಮನಿಗೆ. ಹುಟ್ಟಿದಾಗಿನಿಂದ ಅವಳನ್ನು ಎತ್ತಿ ಆಡಿಸಿದ ಮಾಮ. ತಜ್ಞ ತಾತ ಪಕ್ಕದಲ್ಲಿರಲೇಬೇಕೆಂದು ಹಟ. ಮಾಲ್‌ನ ಥಿಯೇಟರಿನಲ್ಲಿ ಕೆಂಪು ಟೊಪ್ಪಿ ಹಾಕಿಕೊಂಡು ಬಂದವರೇ ನೂರು ಜನ. ಟೊಪ್ಪಿ ಬಟನ್ನಿನ ಆಕಾರದ್ದು. ಅದು ಯಾವ ಅಂಗಡಿಯ ಬಟನ್ ಎಂದು ಬಲ್ಲ ಇಬ್ಬರು ಮುದುಕರು ನಡುವಿನ ಸಾಲಿನಲ್ಲಿ ಪಾಪ್‌ಕಾರ್ನ್ ಹಿಡಿದು ಕೂತಿದ್ದರು.

ಎರಡೂವರೆ ಗಂಟೆಯ ನಂತರ ಆ ಗಳಿಗೆ ಬಂತು. ನೌಕೆ ಯಾವುದೋ ಸುಳಿಯ ಕಡೆಗೆ ತಾನಾಗಿ ಓಡುತ್ತಿದೆ. ಇಳಾಳ ಬಲಗೈ ಬಾಗಿಲ ಸಂದಿಗೆ ಸಿಕ್ಕಿದೆ. ಅವಳು ಎಡಗೈ ಚಾಚಿದಳು. ಸಭಾಂಗಣದಲ್ಲಿ ನೂರಾರು ಜನ ಒಟ್ಟಿಗೆ ಉಸಿರು ಬಿಗಿಹಿಡಿದರು. ತನ್ಮಯಿ ತಾತನ ತೋಳು ಹಿಡಿದುಕೊಂಡಳು. ಅಂಗೈ ಬಟನ್ನಿನ ಮೇಲೆ ಬಿತ್ತು.

ಎಲ್ಲ ನಿಂತಿತು. ಯಂತ್ರ, ಸದ್ದು, ಸಂಗೀತ, ನಲವತ್ತೆರಡು ದೀಪ. ಕತ್ತಲಿನಲ್ಲಿ ಇಳಾ ನಿಧಾನವಾಗಿ ಕೈ ಬಿಡಿಸಿಕೊಂಡಳು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದಳು. ಐದೂ ಇದ್ದವು. ತಾಯಿ ಬರಲಿಲ್ಲ. ಏನೂ ಸಿಡಿಯಲಿಲ್ಲ.

ಹಿಂದಿನ ಸಾಲಿನಿಂದ ಒಂದು ದನಿ, "ಅಷ್ಟೇನಾ ಗುರು?" ಎಂದಿತು.

ಕೆಲವರು ನಕ್ಕರು, ಯಾರೋ ಸಿಳ್ಳೆ ಹೊಡೆದರು, ಒಬ್ಬಳು ಮೂಗು ಸೀಟಿಕೊಂಡಳು. ತನ್ಮಯಿ ತಾತನ ತೋಳು ಬಿಟ್ಟು ನೆಟ್ಟಗೆ ಕೂತಳು. ಅವಳ ಮುಖ ನೋಡಲು ಗೋಪಾಲಕೃಷ್ಣರಿಗೆ ಧೈರ್ಯವಾಗಲಿಲ್ಲ. ಪರದೆಯ ಮೇಲೆ ಮತ್ತೆ ಆ ಐದು ಬೆರಳು ದೊಡ್ಡದಾಗಿ ಬಂದು, ಅದರ ಬೆಳಕು ಸಾಲಿನುದ್ದಕ್ಕೂ ಹರಿಯಿತು. ಅವಳ ಆ ಪಕ್ಕದ ಸೀಟಿನಲ್ಲಿ ರಾಜೇಂದ್ರ ತಮ್ಮ ಬಲಗೈಯನ್ನು ಮಡಿಲಿನ ಪಾಪ್‌ಕಾರ್ನ್ ಡಬ್ಬದ ಅಂಚಿನ ಮೇಲಿಟ್ಟುಕೊಂಡು ಬಾಯಿ ತೆರೆದು ಪರದೆಯನ್ನೇ ನೋಡುತ್ತಿದ್ದರು. ತನ್ಮಯಿ ಆ ಕೈಯನ್ನು ನೋಡಿದಳು. ಪರದೆಯನ್ನು ನೋಡಿದಳು. ಮತ್ತೆ ಕೈಯನ್ನು ನೋಡಿದಳು. ಆಮೇಲೆ ಇನ್ನೊಂದು ಪಕ್ಕಕ್ಕೆ ತಿರುಗಿ ತಾತನನ್ನು ನೋಡಿದಳು, ಬಹಳ ಹೊತ್ತು.

ವಾಪಸು ಬರುವಾಗ ಮೆಟ್ರೋದಲ್ಲಿ ಗೋಪಾಲಕೃಷ್ಣ ಎಲ್ಲ ಒಪ್ಪಿಸಿದರು. ಚಿತ್ರ ತೆರೆಗೆ ಬಂದಾಗಿತ್ತು, ಸಹಿಯ ಅವಧಿ ಮುಗಿದಿತ್ತು. ವೀರೇಶ್ ಬಂದದ್ದು, ಕೇಳಿದ್ದು, ತಾವು ಹೇಳಿದ್ದು ಏನನ್ನೂ ಬಿಡಲಿಲ್ಲ.

"ನೀವು ಒಂದ್ ಮಾತು ಹೇಳಿದ್ರೆ ನಾನು ಗೆಲ್ತಿದ್ದೆ," ಎಂದಳು ತನ್ಮಯಿ.

"ಹೂಂ."

"ನಾಲ್ಕು ತಿಂಗಳಿಂದ ಗೊತ್ತಿತ್ತು ನಿಮಗೆ."

"ಏಳು ವರ್ಷದಿಂದ," ಎಂದು ಪಂಕಜಾ ತಿದ್ದಿದರು. "ನನಗೂ ಗೊತ್ತಿತ್ತು. ನನ್ ಹತ್ರ ಯಾರೂ ಸಹಿ ಕೇಳ್ಲಿಲ್ಲ, ಆದ್ರೂ ಹೇಳ್ಲಿಲ್ಲ."

ರೈಲು ಪೀಣ್ಯಕ್ಕೆ ಬಂತು. ಚಿತ್ರ ಹೇಗಿತ್ತೆಂದು ಪಂಕಜಾ ರಾಜೇಂದ್ರರನ್ನು ಕೇಳಿದರು. ಚೆನ್ನಾಗಿತ್ತು ಅಕ್ಕ, ಆದರೆ ನನ್ನ ಬೆರಳು ಹೋದಾಗ ಅಷ್ಟು ನಿಶ್ಶಬ್ದವಾಗಿರಲಿಲ್ಲ, ನಾನು ಬಹಳ ಕೆಟ್ಟ ಕೆಟ್ಟ ಮಾತು ಬೈದಿದ್ದೆ ಎಂದರು ಅವರು. ತನ್ಮಯಿಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

ಆ ಮಧ್ಯಾಹ್ನವೇ ಅವಳು ಚಾನೆಲ್ ಮುಚ್ಚಿದಳು. ಇಬ್ಬರ ಮಾತೂ ಸುಳ್ಳಾದ್ದರಿಂದ ಪಣ ರದ್ದಾಗಲಿ ಎಂದು ದೀಪು ಫೋನು ಮಾಡಿ ಗೋಗರೆದನಂತೆ. ತಪ್ಪು ಅಂದರೆ ತಪ್ಪೇ ಅಲ್ವಾ, ನಿಂದೂ ಮುಚ್ಚು ಎಂದಳಂತೆ. ಕೆಳಗೆ ಇದನ್ನು ಕೇಳಿಸಿಕೊಂಡ ಪಂಕಜಾ, ಈ ಗುಣ ಯಾರ ಕಡೆಯಿಂದ ಬಂದದ್ದು ಎಂಬಂತೆ ಗಂಡನತ್ತ ಒಮ್ಮೆ ನೋಡಿ ಒಲೆಯ ಕಡೆ ತಿರುಗಿದರು. ಮೂರು ದಿನ ತನ್ಮಯಿ ತಾತನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ನಾಲ್ಕನೆಯ ದಿನ ಹನ್ನೊಂದರ ಕಾಫಿಯ ಹೊತ್ತಿಗೆ ಶೆಡ್ಡಿಗೆ ಬಂದಳು. ತಾತನ ಕಡೆ ನೋಡದೆ ಸೀದಾ ರಾಜೇಂದ್ರರ ಮುಂದೆ ಸ್ಟೂಲೆಳೆದುಕೊಂಡು ಕೂತಳು.

"ಆ ಸಿನಿಮಾನ ನಾನು ಇನ್ನೂರು ಸಲ ನೋಡಿದೀನಿ ಮಾಮ. ನಿಮ್ಮ ಕೈನ ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಏನಾಯ್ತು ಅಂತ ಒಂದ್ಸಲಾನೂ ಕೇಳ್ಲಿಲ್ವಲ್ಲ ನಾನು."

"ನಿಮ್ಮಮ್ಮಾನೂ ಕೇಳ್ಲಿಲ್ಲ ಬಿಡು," ಎಂದರು ರಾಜೇಂದ್ರ. "ಚಕ್ಕುಲಿ ಕೊಡೋ ಕೈನ ಯಾರು ಎಣಿಸ್ತಾರೆ?"

ಆ ಬಟನ್ ಎಲ್ಲಿತ್ತು ತೋರಿಸಿ ಎಂದಳು. ರಾಜೇಂದ್ರ ಲೋಟ ಕೆಳಗಿಟ್ಟು ಎದ್ದರು. ಬಲಗೈಯನ್ನು ಮುಂದೆ ಚಾಚಿ, ಇಲ್ಲದ ರೋಲರಿಗೆ ಕೊಟ್ಟು ನಿಂತರು. ಆಮೇಲೆ ಮೈ ತಿರುಚಿ ಎಡಗೈಯನ್ನು ಅದರಾಚೆಗೆ ಚಾಚಿದರು, ಎಷ್ಟು ಸಾಧ್ಯವೋ ಅಷ್ಟು. ತುದಿಗಾಲಲ್ಲಿ ನಿಂತರು. ಎಪ್ಪತ್ತರ ಹತ್ತಿರದ ಮನುಷ್ಯ.

"ಇಲ್ಲಿವರೆಗೂ ಬಂದಿತ್ತು," ಎಂದರು. "ಬಟನ್ ಅಲ್ಲಿ."

ತನ್ಮಯಿ ಎದ್ದು, ಅವರ ಎಡಗೈಯ ತುದಿಗೂ ಅವರು ಕಣ್ಣಲ್ಲಿ ತೋರಿಸಿದ ಜಾಗಕ್ಕೂ ನಡುವೆ ತನ್ನ ಅಂಗೈಯನ್ನು ಅಗಲಿಸಿ ಹಿಡಿದಳು. ಸರಿಯಾಗಿ ಒಂದು ಗೇಣು. ಹಾಗೆಯೇ ಹಿಡಿದುಕೊಂಡು, ನಾಲ್ಕು ದಿನದಲ್ಲಿ ಮೊದಲ ಸಲ, ತಾತನ ಕಡೆಗೆ ತಿರುಗಿದಳು.

ಗೋಪಾಲಕೃಷ್ಣ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಕೆಳಗಿನಿಂದ ಒಮ್ಮೆ ನೋಡಿದರು, ಪಕ್ಕದಿಂದ ಒಮ್ಮೆ ನೋಡಿದರು.

"ಅಳತೆ ಸರಿ ಇದೆ," ಎಂದರು.